ಐದು ಪಂಪಿನ ತೂತು

ನಮ್ಮ ಮನಿ ದೇವರ ಡೊಳ್ಳಿಗಿ ನಾ ಗುಂಡ ಹೊಡದೇನಿ. ಇದನ್ನ ಮೊದಲ ಹೇಳಿಬಿಡ್ತೇನಿ. ಆಮ್ಯಾಲ ಹೇಳಿದ್ರ ಅಲ್ಲಿತನಕಾ ನೀವು ನನ್ನ ಶಾಣ್ಯಾ ಹುಡುಗ ಅಂತ ತಿಳ್ಕೊಂಡ ಓದ್ತೀರಿ, ಆ ಪಾಪಾನೂ ನನ್ನ ತಲಿಗಿ ಬರ್ತೈತಿ. ಗುರಿ ಇಟ್ಟಿದ್ದು ಒಂದ ಹೆಗ್ಗಣಕ್ಕ. ಹೆಗ್ಗಣ ಇವತ್ತಿಗೂ ಆರಾಮ ಐತಿ, ಮೊನ್ನೆ ಮರೀನೂ ಹಾಕೇತಿ. ಡೊಳ್ಳಿಗಿ ಮಾತ್ರ ನಟ್ಟ ನಡಬರಕ ತೂತ ಬಿತ್ತು. ಇಪ್ಪತ್ನಾಲ್ಕ ವರ್ಷದ ಆಯುಷ್ಯದಾಗ ನಾ ಸರಿಯಾಗಿ ನಡಬರಕ ಹೊಡದದ್ದು ಅದೊಂದಽ.

ಪಿಸ್ತೂಲ ಅಂದಕೂಡ್ಲೆ ಹೆದರಬ್ಯಾಡ್ರಿ. ಅದು ಗಾಳಿ ಪಿಸ್ತೂಲ. ನಳಗಿ ಕೆಳಗ ಒಂದ ಹಿಡಕಿ ಇರ್ತೈತಿ, ಅದನ್ನ ಕೆಳಗ ಜಗ್ಗಿ ಮತ್ತ ಮ್ಯಾಲ ಒತ್ತಿದ್ರ ಒಂದ ಪಂಪ್ ಆತು. ಎಷ್ಟ ಪಂಪ್ ಹೊಡೀತೀರಿ ಅಷ್ಟ ಗಾಳಿ ತುಂಬತೈತಿ, ಅಷ್ಟ ಜೋರ ಬರ್ತೈತಿ. ಮೂರ ಪಂಪಿಗಿ ಬೆಂಕಿಪೆಟಗಿ ಬೀಳ್ತೈತಿ. ಐದ ಪಂಪಿಗಿ ಪ್ಲಾಸ್ಟಿಕ್ ಬಾಟ್ಲಿಗಿ ತೂತ ಬೀಳ್ತೈತಿ. ಹತ್ತ ಪಂಪಿಗಿ ಹೊಡದಂವನ ರಟ್ಟಿ ಬೀಳ್ತೈತಿ. ಹತ್ತರ ಮ್ಯಾಲ ಹೊಡೀಬ್ಯಾಡ, ಒಳಗಿನ ವಾಶರ್ ಹೋಗ್ತೈತಿ ಅಂತ ಕೊಟ್ಟಂವ ಹೇಳಿದ್ದ. ಕೊಟ್ಟಂವ ಯಮಕನಮರಡ್ಯಾಗ ಹೈವೇ ಬಾಜೂಕ ಗ್ಯಾರೇಜ್ ಇಟ್ಟ ನನ್ನ ದೋಸ್ತ. ಅದರಾಗ ಹಾಕೂದಕ್ಕ ಛರ್ರಾ ಅಂತಾರ, ಜ್ವಾಳದ ಕಾಳಿನಷ್ಟ ಸೀಸದ ಗುಂಡ. ಒಂದ ಡಬ್ಬಿ ಛರ್ರಾ ಅಂವಽ ಪುಕ್ಕಟ ಕೊಟ್ಟ. ಪೀಡಾ ಹೋತು ಅಂತ ಕೊಟ್ಟನೋ ಏನೋ.

ನನಗ್ಯಾಕ ಬೇಕಿತ್ತು ಪಿಸ್ತೂಲ? ನಾ ಮೂರ ಸಲ ಸೈನ್ಯದ ಭರ್ತಿಗಿ ಹೋಗಿ ಮೂರೂ ಸಲ ಓಟದಾಗ ಹಿಂದ ಉಳದಂವ. ಮೊದಲನೇ ಸಲ ಉಸಿರ ಕೈ ಕೊಡ್ತು. ಎರಡನೇ ಸಲ ಬೂಟ ಕೈ ಕೊಡ್ತು. ಮೂರನೇ ಸಲ ಉಸಿರೂ ಬೂಟೂ ಎರಡೂ ತಯಾರ ಇದ್ದೂ, ನಾನಽ ಎದ್ದಿರಲಿಲ್ಲ. ಓಟ ಬರದಿದ್ರ ಬಿಡು, ನಿಶಾನಿ, ಅಂದ್ರ ಗುರಿ, ಛಲೋ ಇದ್ರ ತಗೋತಾರ ಅಂತ ನನಗ ನಾನಽ ಹೇಳ್ಕೊಂಡ್ನಿ. ಭರ್ತಿಯೊಳಗ ನಿಶಾನಿ ಯಾರೂ ಕೇಳಂಗಿಲ್ಲ, ತಗೊಂಡ ಮ್ಯಾಲ ಅವರಽ ಕಲಸ್ತಾರ ಅನ್ನೂದು ನನಗ ಪಕ್ಕಾ ಗೊತ್ತಿತ್ತು. ಗೊತ್ತಿದ್ದೂ ತಂದ್ನಿ. ದಣದ ಮನಶ್ಯಾಗ ಓಡೂದಕ್ಕಿಂತ ಕುಂತ ಹೊಡಿಯೂದು ಹಗರ ಅನಸ್ತೈತಿ.

ನಾಗನೂರ ಬಾಜೂಕ ಹೊಲದಾಗಽ ನಮ್ಮ ಮನಿ. ಕುರಿ ಕಾಯೂ ಮಂದಿ ನಾವು. ಈಗ ಕುರಿ ಕಡಿಮಿ ಆಗ್ಯಾವ, ಕಬ್ಬು ಗೋವಿನಜ್ವಾಳ ಹೆಚ್ಚ ಆಗೇತಿ. ಹೊಲ ಅಪ್ಪ ನೋಡ್ತಾನ, ಇದ್ದ ಕುರಿ ಕಾಕಾ ನೋಡ್ತಾನ. ನಾ ಏನ ನೋಡ್ತೇನಿ ಅಂತ ಯಾರರ ಕೇಳಿದ್ರ ಅವ್ವ "ದಾರಿ ನೋಡ್ತಾನ" ಅಂತಾಳ.

ನಿಶಾನಿ ಕಲ್ಯಾಕ ಹಿತ್ತಲದಾಗ ಕುಳ್ಳಿನ ಗುಡ್ಡಿ ಮುಂದ ತೆಂಗಿನ ಕರಟ ಇಟ್ಟ ಹೊಡಿಯಾಕ ಚಾಲೂ ಮಾಡಿದ್ನಿ. ಹಿಂದ ಸಗಣಿ ಕುಳ್ಳ ಇದ್ರ ತಪ್ಪಿದ ಛರ್ರಾ ಅದರಾಗಽ ಹುಗದ ಕುಂಡ್ರತೈತಿ, ಮಂದಿಗಿ ದನಕ್ಕ ಬಡಿಯಂಗಿಲ್ಲ. ನಾ ಮಾಡಿದ ಒಂದ ಶಾಣ್ಯಾತನ ಅದು. ಆದ್ರ ಎಲ್ಲಾ ಛರ್ರಾನೂ ಕುಳ್ಳಿನಾಗಽ ಕುಂತೂ. ಹದಿನೈದ ದಿವಸದ ಮ್ಯಾಲ ಅವ್ವ ರೊಟ್ಟಿ ಬಡಿಯೂವಾಗ ಒಲಿ ಬೂದ್ಯಾಗ ಸೀಸ ಕರಗಿ ಬೆಳ್ಳಗ ಮಣಿ ಮಣಿ ಸಿಕ್ಕವು. "ಏನಲೇ ಇದು, ಎಮ್ಮಿ ಬೆಳ್ಳಿ ಹಾಕಾಕತ್ತೇತೇನು?" ಅಂದ್ಲು. ವಿಷಯ ಗೊತ್ತಾದ ಮ್ಯಾಲ ಕುಳ್ಳಿನ ಗುಡ್ಡಿ ಹಂತ್ಯಾಕ ಹೋಗಬಾರದು ಅಂತ ಫರ್ಮಾನ ಆತು. ಕರಟಕ್ಕ ಒಂದೂ ಬಡದಿರಲಿಲ್ಲ ಅನ್ನೂದನ್ನ ನಾ ಹೇಳಲಿಲ್ಲ, ಅವಮಾನಾ.

ಅಷ್ಟಾದ ಮ್ಯಾಲೂ ಪಿಸ್ತೂಲ ಮನ್ಯಾಗ ಉಳೀತು, ಯಾಕಂದ್ರ ಇಲಿ. ಗೋವಿನಜ್ವಾಳದ ತೆನಿ ಒಣಗೂತನಕಾ ನಮ್ಮ ಪಡಸಾಲ್ಯಾಗಽ ಗುಡ್ಡಿ ಹಾಕ್ತೀವಿ. ಅದರ ವಾಸನಿಗಿ ಸುತ್ತ ಹೊಲದಾಗಿನ ಇಲಿ, ಹೆಗ್ಗಣ, ಅವುಗಳ ಬೀಗರು ಎಲ್ಲಾರೂ ಬಂದ ಇಳೀತಾವ. ಇಲಿ ಪಾಷಾಣ ನಮ್ಮ ಮನ್ಯಾಗ ಇಡಂಗಿಲ್ಲ. ಹಿಂದೊಮ್ಮೆ ಪಾಷಾಣ ತಿಂದ ಇಲಿನ ತಿಂದು ಕುರಿ ಕಾಯೂ ನಾಯಿ ಸತ್ತಿತ್ತು. ಅವತ್ತ ಕಾಕಾ ಆ ನಾಯಿನ ತಾನಽ ಮಣ್ಣ ಮಾಡಿ ಬಂದು, ಇನ್ನ ಈ ಹೊಸ್ತಲ ದಾಟಿ ಪಾಷಾಣ ಒಳಗ ಬರಬಾರದು ಅಂದ. ಬೋನ ಇಟ್ಟರ ಅದರಾಗ ಬಿದ್ದದ್ದು ಅವ್ವನ ಕಾಲಬೆರಳ. ಹಿಂಗಾಗಿ ನಾ ಎದ್ದ ನಿಂತು, "ಇಲಿ ಖಾತೆ ನನಗ ಕೊಡ್ರಿ" ಅಂದ್ನಿ. ಯಾರೂ ಬ್ಯಾಡ ಅನ್ನಲಿಲ್ಲ. ಬ್ಯಾಡ ಅನ್ನಾಕೂ ತ್ರಾಣ ಬೇಕಲ್ರಿ. ಸುಗ್ಗಿ ದಿನಾ, ಎಲ್ಲಾರೂ ದಣದ ಹೆಣ ಆಗಿದ್ರು.

ಒಂದ ತಿಂಗಳ ಡ್ಯೂಟಿ ಮಾಡಿದ್ನಿ. ಒಂದ ಬಲ್ಬ ಒಡೀತು, ಒಂದ ಗಡಗಿ ಸೋರಾಕ ಹತ್ತಿತು, ಅಪ್ಪನ ಧೋತರದಾಗ ಮೂರ ಕಿಂಡಿ ಆದೂ. ಇಲಿ ಸತ್ತದ್ದು ಎರಡು, ಅದರಾಗ ಒಂದು ಮೊದಲಽ ಜಡ್ಡಿಗಿ ಬಿದ್ದಂಗ ಕಾಣತಿತ್ತು. ತೊಂದ್ರಿ ಏನಂದ್ರ, ಇಲಿ ಕಂಡ ಮ್ಯಾಲ ಪಂಪ್ ಹೊಡೀಬೇಕು. ನಾ "ಕಟಕ್ ಕಟಕ್" ಅಂತ ಹೊಡಿಯೂದ್ರಾಗ ಅದು ಉಂಡು ಮೀಸಿ ವರಸ್ಕೊಂಡ ಮನಿಗಿ ಹೋಗಿರ್ತಿತ್ತು. ಮೊದಲಽ ಹೊಡದ ಇಟ್ಕೊಂಡ ಕುಂತ್ರ, ತುಂಬಿದ್ದ ಪಿಸ್ತೂಲ ಮನ್ಯಾಗ ಇಟ್ಟ ಕುಂಡ್ರತಿಯೇನಲೇ ಅಂತ ಅಪ್ಪನ ಕಡೆ ಬೈಗಳ. ಏಳನೇ ಪಂಪಿಗಿ ಕೈ ನಡಗಾಕ ಹತ್ತತೈತಿ, ನಡಗೂ ಕೈಯಿಂದ ಗುರಿ ಎಲ್ಲಿ ಹಿಡಿತೀರಿ? ಅದಕ್ಕ ಐದಕ್ಕಽ ನಿಲ್ಲಸ್ತಿದ್ನಿ. ಈ ಐದನ್ನ ನೆನಪ ಇಟ್ಕೋರಿ.

ಈಗ ಡೊಳ್ಳಿನ ಮಾತಿಗಿ ಬರ್ತೇನಿ. ನಮ್ಮ ಪಡಸಾಲಿ ಗ್ವಾಡಿ ಮ್ಯಾಲ ಗೂಟಕ್ಕ ಒಂದ ದೊಡ್ಡ ಡೊಳ್ಳ ತೂಗಹಾಕಿರ್ತೈತಿ. ನಮ್ಮ ಮುತ್ಯಾನ ಕಾಲದ್ದು. ಅದಕ್ಕ ವಾರಕ್ಕೊಮ್ಮೆ ಭಂಡಾರ, ಅಂದ್ರ ದೇವರ ಅರಿಶಿಣ ಪುಡಿ, ಹಚ್ಚತೀವಿ, ಕಾಲ ತಾಗಿದ್ರ ಕೈ ಮುಗೀತೀವಿ. ಅದನ್ನ ಬಾರಸಾವ ಕಾಕಾ ಒಬ್ಬಽ. ಅಪ್ಪಗ ತಾಳ ಬರಂಗಿಲ್ಲ, ನಾ ಬಾರಿಸಿದ್ರ ಕುರಿ ಎದ್ದ ಹೋಗ್ತಾವ. ಎರಡ ವರ್ಷದ ಹಿಂದ ಒಂದ ಟಗರ ಗುದ್ದಿ ಕಾಕಾನ ಬಲಗೈ ಹೆಗಲ ಸರದಿತ್ತು. ಅದು ಕೂಡೇತಿ, ಖರೆ ಮೊದಲಿನಂಗ ಇಲ್ಲ. ಅವತ್ತಿಂದ ಯಾರೂ ಅಂವನ್ನ ಬಾರಸಾಕ ಕರದಿರಲಿಲ್ಲ.

ಈ ಸಲ ಕರದ್ರು. ಕಾಕಾನ ಮಗಳನ್ನ ಕೊಟ್ಟ ಊರ ಹುಕ್ಕೇರಿ ತಾಲೂಕಿನಾಗ, ಯಮಕನಮರಡಿಯಿಂದ ಒಳಗ. ಅಲ್ಲಿ ಬೀರದೇವರ ಗುಡಿ ಹೊಸದಾಗಿ ಕಟ್ಟಿ ಸೋಮವಾರ ಕಳಸ ಏರಸೂದು ಅಂತ ಆತು. ನಮ್ಮ ಮನಿ ದೇವರು ಆ ದೇವರಿಗಿ ಅಣ್ಣ ಅಂತಾರ. ಅದಕ್ಕ ಅಲ್ಲಿ ಕಳಸ ಏರಬೇಕಂದ್ರ ಮೊದಲನೇ ಪೆಟ್ಟ ನಮ್ಮ ಮನಿ ಡೊಳ್ಳಿನ ಮ್ಯಾಲಽ ಬೀಳಬೇಕು. ಆಮ್ಯಾಲ ಉಳದ ಡೊಳ್ಳ ಕೂಡತಾವ. ಆದ್ರ ಮೊದಲನೇ ಡೊಳ್ಳ ಕಳಸ ಕುಂಡ್ರೂತನಕಾ ನಿಲ್ಲಬಾರದು. ಬ್ಯಾರೆ ಡೊಳ್ಳ ಒಯ್ಯಾಕ ಬರಂಗಿಲ್ಲ. ತೂತ ಬಿದ್ದ ಡೊಳ್ಳಂತೂ ದೇವರ ಮುಂದ ತರಾಕಽ ಬರಂಗಿಲ್ಲ.

ಕರಿಯಾಕ ಬಂದ ಬೀಗರು ಚಾ ಕುಡಕೋತ, "ನಿಮ್ಮ ಕೈ ಆಗ್ತೈತೇನ್ರಿ?" ಅಂತ ಸುಮ್ಮ ಕೇಳಿದ್ರು.

"ಯಾಕ ಆಗಂಗಿಲ್ರಿ? ನಾ ಏನ ಮುದುಕ ಆಗೇನೇನು?" ಅಂದ ಕಾಕಾ.

ಒಳಗ ಕಾಕಿ ಪಾತ್ರಿ ಜೋರಲೆ ಇಟ್ಟ ಸಪ್ಪಳ ಬಂತು.

ಅವತ್ತಿಂದ ಕಾಕಾ ಸರಿಯಾಗಿ ಉಣ್ಣಲಿಲ್ಲ. ಕುರಿ ಕಡೆ ಹೋದಾಗ ಬೇವಿನ ಕಟಗಿ ಹಿಡಕೊಂಡ ಗಾಳ್ಯಾಗ ಕೈ ಬೀಸತಿದ್ದ, ಹತ್ತ ಬೀಸಿ ಕುಂಡ್ರತಿದ್ದ. ಸಂಜಿಮುಂದ ಕಾಕಿ ಎಣ್ಣಿ ಕಾಸಿ ಹೆಗಲ ತಿಕ್ಕೋತ, "ಬಾಯಿ ಒಂದ ಐತಿ ನೋಡ, ಇಲ್ಲಾ ಅನ್ನಾಕ ಬರಂಗಿಲ್ಲ ಅದಕ್ಕ" ಅಂತ ಗೊಣಗತಿದ್ಲು. ಬೆಳಿಗ್ಗಿ ಅಂವನ ಕಣ್ಣ ಕೆಂಪ ಇರ್ತಿದ್ದೂ. ಎರಡ ವರ್ಷದ ಮ್ಯಾಲ ಮತ್ತ ಬಾರಸೂ ಖುಷಿಗಿ ಕಾಕಾಗ ನಿದ್ದಿ ಹತ್ತವಲ್ದು ಅಂತ ನಾ ತಿಳ್ಕೊಂಡ್ನಿ. ಮನಶ್ಯಾರನ ತಿಳ್ಕೊಳ್ಳೂದ್ರಾಗೂ ನನ್ನ ನಿಶಾನಿ ಅಷ್ಟಕ್ಕಷ್ಟ.

ಬುಧವಾರ ಮಧ್ಯಾನ ಮೂರರ ಸುಮಾರಿಗಿ ಎಲ್ಲಾರೂ ಹೊಲಕ್ಕ ಹೋಗಿದ್ರು. ನಾ ಪಡಸಾಲ್ಯಾಗ ತೆನಿ ಕಾಯಕೋತ ಕುಂತಿದ್ನಿ, ಅಂದ್ರ ಮಕ್ಕೊಂಡಿದ್ನಿ. ಸರ್ ಸರ್ ಅಂತ ಸಪ್ಪಳಾತು. ಕಣ್ಣ ತಗದ್ರ ಬೆಕ್ಕಿನಷ್ಟ ಹೆಗ್ಗಣ ಡೊಳ್ಳಿನ ಹಗ್ಗದ ಮ್ಯಾಲ ಕುಂತು ನನ್ನಽ ನೋಡಾಕತ್ತಿತ್ತು. ನಾ ಮಕ್ಕೊಂಡಲ್ಲೇ ಐದ ಪಂಪ್ ಹೊಡದ್ನಿ. ಅದು ಓಡಲಿಲ್ಲ. ಇಷ್ಟ ದಿನಾ ನನ್ನ ನಿಶಾನಿ ನೋಡಿತ್ತಲ್ಲ, ಧೈರ್ಯ ಬಂದಿತ್ತು.

ಹೊಡದ್ನಿ.

"ಧಮ್" ಅಂತು ಡೊಳ್ಳ. ಒಳಗ ಛರ್ರಾ ಟಕ ಟಕ ಅಂತ ಉಳ್ಳಾಡಿ ನಿಂತಿತು. ತೊಗಲ ಮ್ಯಾಲಿನ ಭಂಡಾರ ಹಳದಿ ಹೊಗಿಯಂಗ ಎದ್ದ ಸಾವಕಾಶ ನನ್ನ ಮಾರಿ ಮ್ಯಾಲ ಇಳೀತು. ಹೆಗ್ಗಣ ಗಡಬಡ ಮಾಡದಽ ಹಗ್ಗ ಹಿಡಕೊಂಡ ಇಳದು ತೆನಿ ಗುಡ್ಡಿಯೊಳಗ ಹೋತು. ನಾ ಎದ್ದ ನಿಂತ ನೋಡಿದ್ನಿ. ತೂತ. ಜ್ವಾಳದ ಕಾಳಿನಷ್ಟಽ, ಆದ್ರ ಆ ತೂತಿನಾಗ ನಮ್ಮ ಇಡೀ ವಂಶ ಕಾಣಾಕತ್ತಿತ್ತು.

ಶಾಣ್ಯಾ ಇದ್ದಂವ ಹೊಲಕ್ಕ ಹೋಗಿ ತಪ್ಪಾತು ಅಂತಿದ್ದ. ನಾ ಸೈಕಲ್ ಪಂಚರ್ ಡಬ್ಬಿ ಹುಡಕಿದ್ನಿ. ತೊಗಲ ಮ್ಯಾಲ ಕಾಗದ ತಿಕ್ಕಿ, ಸೊಲ್ಯೂಶನ್ ಹಚ್ಚಿ, ಉಫ್ ಉಫ್ ಊದಿ ಒಣಗಿಸಿ, ಒಂದ ರಬ್ಬರ್ ಪಟ್ಟಿ ಅಂಟಿಸಿದ್ನಿ. ಮ್ಯಾಲ ಭಂಡಾರ ಬಳದ್ನಿ. ಸಾಲಲಿಲ್ಲ ಅಂತ ಇನ್ನಷ್ಟ ಬಳದ್ನಿ. ಕಡೀಕ ಡೊಳ್ಳ ಅಲ್ಲ, ಮದಿವಿ ಅರಿಶಿಣ ಹಚ್ಚಿದ ಮದುಮಗ ಕುಂತಂಗ ಕಾಣತಿತ್ತು. ದೇವರೂ ನಕ್ಕಿರಬೇಕು.

ಸಂಜಿಕ ಕಾಕಾ ಬಂದು ಕೈಕಾಲ ತೊಳದು ಡೊಳ್ಳ ಇಳಿಸಿದ. ನಾ ತೆನಿ ಸುಲಿಯೂ ನಾಟಕ ಮಾಡ್ಕೋತ ಮೂಲ್ಯಾಗ ಕುಂತಿದ್ನಿ. ಡೊಳ್ಳ ಕೈಯಾಗ ಹಿಡದಕೂಡ್ಲೆ ಒಳಗ ಛರ್ರಾ ಉಳ್ಳಿತು. ಕಾಕಾ ಕಿವಿ ಕೊಟ್ಟ. ಆಮ್ಯಾಲ ಬೆರಳಿಂದ ನಡಬರಕ ಬಡದ. ಹಲಸಿನಕಾಯಿ ಬಡದಂಗ "ಟುಪ್" ಅಂತು. ಭಂಡಾರ ವರಸಿದ. ಪಟ್ಟಿ ನೋಡಿದ. ನನ್ನ ಕಡೆ ನೋಡಲಿಲ್ಲ. ಹೊಳ್ಳಿ ಡೊಳ್ಳ ಗೂಟಕ್ಕ ಹಾಕಿ, "ಊಟಕ್ಕ ಹಾಕು" ಅಂತ ಕಾಕಿಗಿ ಹೇಳಿದ. ನಾಕ ರೊಟ್ಟಿ ಉಂಡ, ಮತ್ತೊಂದ ಕೇಳಿ ಹಾಕಿಸಿಕೊಂಡ. ಆಮ್ಯಾಲ ಕಂಬಳಿ ಹೊದ್ದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಂವ ಮುಂಜಾನಿತನಕಾ ಅಲುಗಾಡಲಿಲ್ಲ. ದುಃಖ, ಅಂದ್ಕೊಂಡ್ನಿ ನಾ. ದುಃಖಕ್ಕ ಮನಶ್ಯಾ ಐದ ರೊಟ್ಟಿ ಉಣ್ತಾನೇನು ಅಂತ ನನ್ನ ತಲಿಗಿ ಹೊಳೀಲಿಲ್ಲ.

ಗುರುವಾರ ಬೆಳಿಗ್ಗಿ ಕಾಕಾ ಬೀಗರಿಗಿ ಫೋನ್ ಹಚ್ಚಿದ. "ಏನ ಮಾಡೂದ್ರಿ, ಡೊಳ್ಳಿಗಿ ಇಲಿ ಕಡದ ತೂತ ಬಿದ್ದೈತ್ರಿ. ದೇವರ ಮುಂದ ತರಾಕ ಬರಂಗಿಲ್ಲ. ನಮ್ಮ ನಸೀಬ, ನೀವು ಬ್ಯಾರೆ ವ್ಯವಸ್ಥಾ ಮಾಡ್ಕೋರಿ." ಫೋನ್ ಇಟ್ಟು, ಕಟಗಿ ತಗೊಂಡು, ಕುರಿ ಹೊಡಕೊಂಡ ಹೋದ. ಹೋಗೂವಾಗ ಏನೋ ಗುಣುಗುಣು ಅಂತಿದ್ದ.

ನನ್ನ ಕಣ್ಣಾಗ ನೀರ ಬಂದೂ. ಎಂಥಾ ಕಾಕಾ ಅಂತೀನಿ! ಎರಡ ವರ್ಷ ಕಾದ ಕೆಲಸಾ ಮಣ್ಣ ಪಾಲ ಆದ್ರೂ ನನ್ನ ಹೆಸರ ಹೇಳದಽ ಇಲಿ ಮ್ಯಾಲ ಹಾಕಿದ. ಪಂಚರ್ ಪಟ್ಟಿ ಹಚ್ಚೂ ಇಲಿ ಜಗತ್ತಿನಾಗ ಇಲ್ಲ ಅಂತ ಅಂವಗ ಗೊತ್ತಿಲ್ಲೇನು? ಇಂಥಾ ಮನಶ್ಯಾನ ಡೊಳ್ಳ ಸೋಮವಾರದೊಳಗ ಸರಿ ಮಾಡಿಸಿ ತರದಿದ್ರ ನಾ ಗಂಡಸಽ ಅಲ್ಲ ಅಂತ ಆಣಿ ಮಾಡಿದ್ನಿ. ನನ್ನ ಆಯುಷ್ಯದಾಗ ನಾ ಓಡಿ ಗುರಿ ಮುಟ್ಟಿದ್ದು ಅದೊಂದ ಕೆಲಸಕ್ಕ. ಮುಟ್ಟದಽ ಇದ್ದಿದ್ರ ಛಲೋ ಇತ್ತು.

ಗೂಟ ಖಾಲಿ ಕಾಣಬಾರದು ಅಂತ ಒಂದ ದೊಡ್ಡ ಬುಟ್ಟಿಗಿ ಕಂಬಳಿ ಸುತ್ತಿ ತೂಗಹಾಕಿ, ಡೊಳ್ಳ ಹೆಗಲಿಗಿ ಏರಿಸಿಕೊಂಡ ಗೋಕಾಕ ಬಸ್ ಹತ್ತಿದ್ನಿ. ಅವ್ವಗ ಅಷ್ಟ ಹೇಳಿ, ಗಪ್ ಇರು ಅಂದಿದ್ನಿ. ಬಸ್ಸಿನಾಗ ನಿಂದ್ರಾಕ ಜಾಗಾ ಇರಲಿಲ್ಲ, ಖರೆ ಡೊಳ್ಳ ನೋಡಿ ಮಂದಿ ತಾವಽ ಸರದ್ರು. ಹೆಣ್ಮಕ್ಕಳು ಡೊಳ್ಳ ಮುಟ್ಟಿ ಕಣ್ಣಿಗಿ ಹಚ್ಚಕೊಂಡ್ರು. ಒಬ್ಬ ಆಯಿ ಅದಕ್ಕ ಸೀಟ ಬಿಟ್ಟ ಕೊಟ್ಲು. ನನಗ ಯಾರೂ ಕೊಡಲಿಲ್ಲ.

"ಏನಾಗೇತೋ ತಮ್ಮಾ ದೇವರಿಗಿ?" ಅಂದ್ಲು ಆಯಿ.

"ಇಲಿ ಕಡದೈತ್ರಿ ಆಯಿ."

"ಅಯ್ಯ ಅದರ ಹಲ್ಲ ಮುರಿಲಿ. ಕೈ ಸೇದಿ ಹೋಗಲಿ ಅದರದು!"

ಇಲಿಗಿ ಕೈ ಎಲ್ಲಿಂದ ಬಂತು ಅಂತ ಕೇಳಲಿಲ್ಲ. ನನ್ನ ಬಲಗೈ ಸುಮ್ಮ ಕಿಸೆಯೊಳಗ ಇಟ್ಕೊಂಡ್ನಿ.

ಗೋಕಾಕದಾಗ ಬಾಜಿಪೆಟಗಿ ತಬಲಾ ರಿಪೇರಿ ಮಾಡಾವ ಡೊಳ್ಳ ನೋಡಿದಾವನಽ ಕೈ ಮುಗದ. "ಇಷ್ಟ ದೊಡ್ಡದು ನಮಗ ಬರಂಗಿಲ್ರಿ. ಮೂಡಲಗಿಗಿ ಹೋಗ್ರಿ, ಅಲ್ಲಿ ಒಬ್ಬ ಮುತ್ಯಾ ಅದಾನ, ಡೊಳ್ಳಿಗಿ ತೊಗಲ ಹಾಕ್ತಾನ" ಅಂದ. ಬಂದ ದಾರೀಲೇ ಹೊಳ್ಳಿ ಹೋಗಬೇಕು. ನಮ್ಮ ಮನಿಯಿಂದ ಮೂಡಲಗಿ ಕೂಗಿದ್ರ ಕೇಳೂವಷ್ಟ ಹಂತ್ಯಾಕ ಐತಿ. ನಾ ಗೋಕಾಕ ಸುತ್ತಿ ಮೂಡಲಗಿಗಿ ಬಂದ್ನಿ.

ಮುತ್ಯಾ ಬೇವಿನಗಿಡದ ಕೆಳಗ ಕುಂತ ಹಲಗಿ ಬಿಗಿಯಾಕತ್ತಿದ್ದ. ನಮ್ಮ ಡೊಳ್ಳ ನೋಡಿದಕೂಡ್ಲೆ ಯಾರ ಮನೀದು ಅಂತ ಗುರ್ತ ಹಿಡದ. ಪಟ್ಟಿ ಕಿತ್ತ. ಡೊಳ್ಳ ಬೋರಲ ಮಾಡಿ ಝಾಡಿಸಿದ. ತೂತಿನಿಂದ ಛರ್ರಾ ಹೊರಗ ಬಿದ್ದು ಅಂವನ ಅಂಗೈಯಾಗ ಕುಂತಿತು. ಅದನ್ನ ಬಿಸಲಿಗಿ ಹಿಡದು, ಹೊಳ್ಳಿಸಿ ಮಳ್ಳಿಸಿ ನೋಡಿ, "ಇಲಿ ಕಡದೈತಿ ಅಂದಿ ಅಲ್ಲ?" ಅಂದ.

"ಹೂಂನ್ರಿ ಮುತ್ಯಾ."

"ಪಾಪ, ವಯಸ್ಸಾಗಿರಬೇಕು ಅದಕ್ಕ. ಹಲ್ಲ ಉದುರೇತಿ ಒಳಗ."

ಮುತ್ಯಾ ಅಷ್ಟಕ್ಕಽ ಬಿಟ್ಟ. ಆಮ್ಯಾಲ ಕೇಳಿದ, "ನಿಮ್ಮ ಕಾಕಾ ಕಳಸ್ಯಾನೇನು ಇದನ್ನ?"

"ಇಲ್ರಿ, ಅಂವಗ ಗೊತ್ತಿಲ್ಲ. ಸರಿ ಮಾಡಿಸಿ ಒಮ್ಮೆಲೇ ತೋರಸಬೇಕು ಅಂತ ಮಾಡೇನ್ರಿ."

"ಕೇಳಿ ಬರಬೇಕಾಗಿತ್ತು," ಅಂದ ಮುತ್ಯಾ. "ಅಂವನ ಹೆಗಲ ನೋಡೇನಿ ನಾ." ಇಷ್ಟಽ ಹೇಳಿ ಒಂದ ಹುರಿಯಿಂದ ಡೊಳ್ಳಿನ ಬಾಯಿ ಅಳತಿ ತಗದು, ಆ ಹುರಿ ನನ್ನ ಕೈಯಾಗ ಕೊಟ್ಟ. ಅಷ್ಟ ಅಗಲ ಹೋತಿನ ತೊಗಲ ಅಂವನ ಕಡೆ ಇರಲಿಲ್ಲ. ಹುಕ್ಕೇರ್ಯಾಗ ತೊಗಲ ಮಾರಾವ ಒಬ್ಬ ಅದಾನ, ಅಲ್ಲಿಂದ ತಾ ಅಂದ.

ಶುಕ್ರವಾರ ಹುಕ್ಕೇರಿ. ಹೋಗೂವಾಗ ಎರಡ ಬಸ್, ಬರೂವಾಗ ಎರಡ ಬಸ್. ಡೊಳ್ಳಿಗಿ ಸೀಟ ಕೊಟ್ಟ ಮಂದಿನಽ ಹಸಿ ತೊಗಲಿಗಿ ಮೂಗ ಮುಚ್ಚಕೊಂಡ್ರು. ಕಂಡಕ್ಟರ್ ಬಂದು, "ಇದೇನ ಸತ್ತೈತ್ರಿ ಚೀಲದಾಗ?" ಅಂದ. "ಡೊಳ್ಳ ಆಗೂದ್ರಿ ಇದು" ಅಂದ್ನಿ. "ಆದ ಮ್ಯಾಲ ತರ್ರಿ ಹಂಗಾರ" ಅಂತ ಹಿಂದಿನ ಬಾಗಲ ಹಂತ್ಯಾಕ ನಿಲ್ಲಿಸಿದ. ದಾರಿ ತುಂಬ ನಿಂತ್ನಿ. ಕಾಲ ನಂದಲ್ಲ ಅನಸಾಕತ್ತಿತು. ಭರ್ತಿ ಓಟದಾಗೂ ನಾ ಇಷ್ಟ ದಣದಿರಲಿಲ್ಲ, ಯಾಕಂದ್ರ ಅಲ್ಲಿ ಲಗೂನ ಹೊರಗ ಹಾಕ್ತಿದ್ರು.

ಶನಿವಾರ ಮುತ್ಯಾನ ಜೋಡಿ ಕುಂತು ನೆನಸಿದ ತೊಗಲಿನ ಕೂದಲ ಹೆರದು, ಡೊಳ್ಳಿನ ಬಾಯಿ ಸುತ್ತಿನ ಬಳಿಗಿ ಸುತ್ತಿ, ಹಗ್ಗ ಹಾಕಿ ಜಗ್ಗಿದ್ನಿ. ಮುತ್ಯಾ ಒಂದ ಕಾಲ ಒದ್ದ ಹಿಡದು "ಜಗ್ಗ" ಅಂತಿದ್ದ, ನಾ ಜಗ್ಗತಿದ್ನಿ. "ಇನ್ನಷ್ಟ" ಅಂತಿದ್ದ. ಅಂಗೈಯಾಗ ಗುಳ್ಳಿ ಎದ್ದೂ, ಆ ಗುಳ್ಳಿ ಒಡದು ಮತ್ತ ಎದ್ದೂ. ಶನಿವಾರ, ಆದಿತವಾರ ಎರಡ ದಿನದ ಬಿಸಲ ಕುಡದ ಮ್ಯಾಲ ಮುತ್ಯಾ ಕೋಲ ತಗೊಂಡ ಒಂದ ಪೆಟ್ಟ ಹಾಕಿದ. ಎದುರಿನ ಮನಿ ಕಟ್ಟಿ ಮ್ಯಾಲಿನ ಕೋಳಿ ಹಾರಿ ಕೆಳಗ ಬಿದ್ದೂ. ನನ್ನ ಎದಿ ಹಿಗ್ಗಿ ಭರ್ತಿ ಅಳತಿಗಿ ಬಂತು. ಅಲ್ಲೇ ನಿಂತು ಬೀಗರಿಗಿ ಫೋನ್ ಹಚ್ಚಿದ್ನಿ. "ಡೊಳ್ಳ ಸರಿ ಆತ್ರಿ! ಕಾಕಾ ನಾಳಿ ಬರ್ತಾನ್ರಿ! ಮೊದಲನೇ ಪೆಟ್ಟ ನಮ್ಮದಽ!" ಆ ಕಡೆ ಹತ್ತ ಮಂದಿ ಹೋ ಅಂದದ್ದು ಕೇಳಿಸಿತು.

ಸಂಜಿಕ ಮನಿ ಬಾಗಲಾಗ ನಿಂತಾಗ ಕಾಕಾ ಹೊರಸಿನ ಮ್ಯಾಲ ಕಾಲ ಚಾಚಿ ಕುಂತು ಶೇಂಗಾ ತಿನ್ನಾಕತ್ತಿದ್ದ. ಮಾರಿ ತುಂಬಿಕೊಂಡಿತ್ತು, ಕಣ್ಣಾಗ ಕೆಂಪ ಹೋಗಿತ್ತು. ನಾಕ ದಿನಾ ಆ ಗೂಟದಾಗ ಬುಟ್ಟಿ ತೂಗತಿದ್ರೂ ಅಂವ ಒಮ್ಮೆನೂ ಆ ಕಡೆ ನೋಡಿರಲಿಲ್ಲ ಅಂತ ಅವ್ವ ಆಮ್ಯಾಲ ಹೇಳಿದ್ಲು. ನಾ ಡೊಳ್ಳ ಇಳಿಸಿ ಅಂವನ ಮುಂದ ಇಟ್ನಿ.

"ಕಾಕಾ, ಹೊಸಾ ತೊಗಲ! ಬೀಗರಿಗೂ ಹೇಳೇನಿ. ನಾಳಿ ಹೋಗೂದಽ!"

ಕಾಕಾನ ಕೈಯಾಗಿನ ಶೇಂಗಾ ಕೈಯಾಗಽ ಉಳೀತು. ಡೊಳ್ಳ ನೋಡಿದ, ನನ್ನ ನೋಡಿದ, ನನ್ನ ಅಂಗೈ ನೋಡಿದ. ಕಡೀಕ ತೊಗಲ ಮ್ಯಾಲ ಕೈ ಆಡಿಸಿ, "ಛಲೋ ಮಾಡಿಸಿದಿ" ಅಂದ. ಕಾಕಿ ಒಳಗ ಹೋಗಿ ಎಣ್ಣಿ ಕಾಸಾಕ ಇಟ್ಲು.

ಸೋಮವಾರ ಹತ್ತಕ್ಕ ಗುಡಿ ಮುಂದ ಮಂದಿ ಕೂಡಿತ್ತು. ಕಾಕಾ ಪಟಗಾ ಸುತ್ತಿ, ಡೊಳ್ಳ ಕೊರಳಿಗಿ ಹಾಕ್ಕೊಂಡ ನಿಂತ. ಮೊದಲನೇ ಪೆಟ್ಟ ಹಾಕಿದ ನೋಡ್ರಿ, ನನ್ನ ಮೈ ಮ್ಯಾಲ ಮುಳ್ಳ ಎದ್ದೂ. ಭಂಡಾರ ಹಾರಿತು, ಉಳದ ಡೊಳ್ಳ ಕೂಡಿದೂ, ಮ್ಯಾಲ ಗುಡಿ ಕಟ್ಟಿದ ಗೌಂಡಿ ಕಳಸ ಜಗ್ಗಿಕೊಂಡ. ಒಂದ ಹತ್ತ ನಿಮಿಷದ ಕೆಲಸ ಅಂದಿದ್ರು.

ಕಳಸ ಕುಂಡ್ರಲಿಲ್ಲ. ಕಳಸದ ಕೆಳಗಿನ ಕಬ್ಬಿಣದ ಸಳಿ ದಪ್ಪ ಆಗಿತ್ತು, ಶಿಖರದಾಗ ಬಿಟ್ಟ ತೂತ ಸಣ್ಣದಾಗಿತ್ತು. ಗೌಂಡಿ ಉಳಿ ತರಿಸಿ ತೂತ ದೊಡ್ಡದು ಮಾಡಾಕ ಕುಂತ. ಟಕ್ ಟಕ್ ಟಕ್. ಕೆಳಗ ಕಾಕಾ ನಿಲ್ಲಿಸೂ ಹಂಗಿಲ್ಲ. ಅರ್ಧಾ ತಾಸ ಆತು. ಕಾಕಾನ ಬಲಗೈ ಮ್ಯಾಲ ಏಳೂದು ಕಡಿಮಿ ಆತು. ನಾ ಹೋಗಿ ಡೊಳ್ಳಿನ ಕೆಳಗ ನನ್ನ ಹೆಗಲ ಕೊಟ್ಟ ಬಗ್ಗಿ ನಿಂತ್ನಿ. ಅಂವನ ಉಸಿರ ನನ್ನ ಕಿವ್ಯಾಗ ಹೊಡಿಯಾಕತ್ತಿತ್ತು. ಪೆಟ್ಟಿಗೂ ಪೆಟ್ಟಿಗೂ ನಡಬರಕ ಅಂತರ ಬೆಳಕೋತ ಹೋತು.

"ಏನ್ ಗತ್ತ್ರಿ ಮಾವಂದು! ಹಳೇ ಮಂದಿ ಬಾರಸೂದಽ ಹಿಂಗ, ಸಾವಕಾಶ!" ಅಂದ ಹಿಂದಿನಾವ ಒಬ್ಬ.

ನನ್ನ ಹೆಗಲ ಮ್ಯಾಲ ಏನೋ ಹನಿ ಬಿತ್ತು. ಬೆವರ ಇರಬೇಕು ಅಂತ ತಿಳ್ಕೊಂಡ್ನಿ. ಇವತ್ತಿಗೂ ಹಂಗಽ ತಿಳ್ಕೊಂಡೇನಿ. ಒಂದ ತಾಸ ಮೀರಿ ಮ್ಯಾಲ ಕಳಸ ಕುಂತಾಗ ಮಂದಿ ಚೀರಿದ್ರು. ಕಾಕಾ ಕಡೇ ಪೆಟ್ಟ ಎಡಗೈಲೆ ಹಾಕಿದ. ಬಲಗೈ ಜೋತ ಬಿದ್ದಿತ್ತು.

ಹೊಳ್ಳಿ ಬರೂವಾಗ ಯಮಕನಮರಡ್ಯಾಗ ಚಾಕ್ಕ ಟೆಂಪೋ ನಿಲ್ಲಿಸಿದ್ರು. ಎಲ್ಲಾರೂ ಇಳದ್ರು. ಕಾಕಾ ಹಿಂದ ಡೊಳ್ಳಿಗಿ ಆತ್ಕೊಂಡ ಕುಂತಽ ಇದ್ದ. ನಾ ಚಾ ತಂದ ಕೊಟ್ರ ಕಪ್ಪ ಹಿಡಿಯಾಕ ಆಗಲಿಲ್ಲ, ಎಡಗೈನೂ ಸೋತಿತ್ತು. ಕಪ್ಪಿನ ಕೆಳಗಿನ ಬಸಿಯೊಳಗ ಹಾಕಿ, ಆರಿಸಿ, ಅಂವನ ಬಾಯಿಗಿ ನಾನಽ ಹಿಡದ್ನಿ. ಎರಡ ಗುಟುಕ ಕುಡದ. ನನಗ ತಡಕೊಳ್ಳಾಕ ಆಗಲಿಲ್ಲ.

"ಕಾಕಾ, ಆ ತೂತ ಇಲಿ ಮಾಡಿದ್ದಲ್ಲ. ನಾ ಹೊಡದದ್ದು."

"ಪಂಚರ್ ತಗಿಯೂ ಇಲಿ ನಾ ಇನ್ನೂ ನೋಡಿಲ್ಲಪಾ."

"ಗೊತ್ತಿದ್ದೂ ಯಾಕ ಬೈಲಿಲ್ಲ?"

ಕಾಕಾ ಹೈವೇ ಮ್ಯಾಲ ಹೋಗೂ ಲಾರಿ ನೋಡಕೋತ ಅಂದ. "ಮಗಳ ಮಾವ ಬಂದ ಕೇಳಿದಾಗ ನನ್ನ ಕೈ ಆಗಂಗಿಲ್ಲ ಅಂತ ಹೆಂಗ ಅನ್ನಲಿ? ಒಪ್ಪಿಬಿಟ್ನಿ. ಒಪ್ಪಿದ ದಿನದಿಂದ ಕಣ್ಣಿಗಿ ಕಣ್ಣ ಹಚ್ಚಲಿಲ್ಲ. ಆ ತೂತ ನೋಡಿದ ಮ್ಯಾಲ ನಾಕ ದಿನಾ ನಿದ್ದಿ ಮಾಡಿದ್ನಿ, ಸಣ್ಣ ಹುಡುಗ ಮಾಡಿದಂಗ. ಮರ್ಯಾದಿನೂ ಉಳದಿತ್ತು, ಹೆಗಲೂ ಉಳದಿತ್ತು. ಕಣ್ಣ ತಗದ ನೋಡ್ತೇನಿ, ನೀ ಡೊಳ್ಳ ಹೊತ್ಕೊಂಡ ಬಾಗಲಾಗ ನಿಂತಿದಿ."

ಬಸಿ ನನ್ನ ಕೈಯಾಗ ಹಂಗಽ ಇತ್ತು. ಚಾ ಮ್ಯಾಲ ಕೆನಿ ಕಟ್ಟಾಕತ್ತಿತ್ತು.

ಕಾಕಾನಽ ಕೇಳಿದ. "ಎಷ್ಟ ಪಂಪ್ ಹೊಡದಿದ್ದಿ ಅವತ್ತ?"

"ಐದು."

"ಎಷ್ಟತನಕಾ ಹೊಡೀಬಹುದು ಅದರಾಗ?"

"ಹತ್ತ."

ಕಾಕಾ ಬಾಯಿ ಮುಂದ ಮಾಡಿದ. ನಾ ಬಸಿ ಹಿಡದ್ನಿ. ಉಳದ ಚಾ ಅಷ್ಟೂ ಕುಡದು, ಡೊಳ್ಳಿಗಿ ತಲಿ ಆನಿಸಿ ಕಣ್ಣ ಮುಚ್ಚಿದ.

"ಮುಂದಿನ ಸಲ ಹತ್ತೂ ಹೊಡಿ," ಅಂದ. "ಅರ್ಧಾ ಕೆಲಸಾ ಮಾಡಬ್ಯಾಡ."